ಒಂದು ಜೀವಿ ಕಾಣೆಯಾದಾಗ, ಇನ್ನೊಂದು ಮಿತಿಮೀರಿದಾಗ: ಕಳಚಿದ ಕೊಂಡಿ ಹುಡುಕೋ ದೋಷ ನಿವಾರಣೆ ಕೈಪಿಡಿ

ಇಂಗ್ಲೆಂಡಿನಲ್ಲಿ ಲಾರ್ಜ್ ಬ್ಲೂ ಅನ್ನೋ ನೀಲಿ ಚಿಟ್ಟೆ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗ್ತಾ ಬಂದಾಗ ಎಲ್ರೂ ಬೆರಳು ತೋರಿಸಿದ್ದು ಚಿಟ್ಟೆ ಹಿಡಿದು ಪೆಟ್ಟಿಗೆಯಲ್ಲಿ ಪಿನ್ ಹೊಡೆದಿಡೋ ಸಂಗ್ರಾಹಕರ ಕಡೆ. ಅವರನ್ನ ತಡೀಬೇಕು ಅಂತ ಒಂದು ಕಡೆ ಬೇಲಿ ಹಾಕಿದ್ರು. ಸಂಗ್ರಾಹಕರು ಬರೋದು ನಿಲ್ತು, ಅದ್ರ ಜೊತೆಗೆ ಮೇಯೋ ಪ್ರಾಣಿಗಳೂ ಬರೋದು ನಿಲ್ತು, ಚಿಟ್ಟೆ ಅಲ್ಲಿಂದ ಪೂರ್ತಿ ಹೋಯ್ತು. 1979ರ ಹೊತ್ತಿಗೆ ಇಡೀ ಬ್ರಿಟನ್ನಿನಲ್ಲೇ ಇಲ್ಲವಾಯ್ತು.

ನಿಜವಾದ ದೋಷ ಎಲ್ಲಿತ್ತು ಅಂತ ಪತ್ತೆ ಮಾಡಿದ್ದು ಜೆರೆಮಿ ಥಾಮಸ್ ಅನ್ನೋ ವಿಜ್ಞಾನಿ. ಈ ಚಿಟ್ಟೆಯ ಮರಿಹುಳು ಸ್ವಲ್ಪ ದಿನ ಥೈಮ್ ಗಿಡದ ಹೂ ತಿಂದ್ಕೊಂಡಿದ್ದು ಆಮೇಲೆ ನೆಲಕ್ಕೆ ಬೀಳತ್ತೆ, ಕೆಂಪಿರುವೆ ಅದನ್ನ ತನ್ನದೇ ಮರಿ ಅಂದ್ಕೊಂಡು ಗೂಡಿಗೆ ಹೊತ್ಕೊಂಡು ಹೋಗತ್ತೆ, ಅಲ್ಲಿ ಇದು ಇರುವೆ ಮರಿಗಳನ್ನೇ ತಿಂದು ದೊಡ್ಡದಾಗತ್ತೆ. ಯಾವ್ದೋ ಒಂದು ಕೆಂಪಿರುವೆ ಆದ್ರೆ ನಡಿಯಲ್ಲ, ಮಿರ್ಮಿಕಾ ಸಬುಲೆಟಿ ಅನ್ನೋ ಒಂದು ಪ್ರಭೇದದ ಗೂಡಲ್ಲೇ ಅದು ಸರಿಯಾಗಿ ಬದುಕಿ ಉಳಿಯೋದು. ಆ ಇರುವೆಗೆ ಬೆಚ್ಚಗಿರೋ ಮಣ್ಣು ಬೇಕು, ಮಣ್ಣು ಬೆಚ್ಚಗಿರ್ಬೇಕು ಅಂದ್ರೆ ಹುಲ್ಲು ತೀರಾ ಗಿಡ್ಡವಾಗಿರ್ಬೇಕು, ಹುಲ್ಲು ಗಿಡ್ಡವಾಗಿರ್ಬೇಕು ಅಂದ್ರೆ ದನ ಕುರಿ ಮೊಲ ಯಾವ್ದಾದ್ರೂ ಮೇಯ್ತಾ ಇರ್ಬೇಕು. 1950ರ ದಶಕದಲ್ಲಿ ಮಿಕ್ಸೊಮಾಟೋಸಿಸ್ ಅನ್ನೋ ವೈರಸ್ ರೋಗ ಬಂದು ಮೊಲಗಳು ರಾಶಿ ರಾಶಿ ಸತ್ತಿದ್ವು, ಎಷ್ಟೋ ಕಡೆ ದನ ಕುರಿ ಮೇಯಿಸೋದೂ ನಿಂತಿತ್ತು. ಹುಲ್ಲು ಮೊದಲಿಗಿಂತ ಬರೀ ಕೆಲವು ಸೆಂಟಿಮೀಟರ್ ಹೆಚ್ಚು ಉದ್ದ ಆಗಿದ್ದಕ್ಕೇ ಮಣ್ಣು ತಣ್ಣಗಾಯ್ತು, ಇರುವೆ ಹೋಯ್ತು, ಅದ್ರ ಹಿಂದೆ ಚಿಟ್ಟೆ ಹೋಯ್ತು. ಮೊಲಕ್ಕೆ ಬಂದ ರೋಗ, ಸತ್ತಿದ್ದು ಚಿಟ್ಟೆ, ಮಧ್ಯದಲ್ಲಿ ಹುಲ್ಲು, ಮಣ್ಣು, ಇರುವೆ ಇಷ್ಟು ಕೊಂಡಿ.

ಈ ಕೈಪಿಡಿ ಪೂರ್ತಿ ಇರೋದು ಇದೇ ವಿಷಯಕ್ಕೆ. ಕೆರೆ, ಕಾಡು, ಹೊಲ, ಹವಳದ ದಿಬ್ಬ ಯಾವ್ದೇ ಇರ್ಲಿ, ಒಂದು ಜೀವಸಮುದಾಯ ಕೆಟ್ಟಿದೆ ಅಂತ ಅನ್ಸಿದಾಗ ನಮ್ಮ ಕಣ್ಣು ಹೋಗೋದು ಸಾಯ್ತಿರೋ ಜೀವಿ ಕಡೆ ಅಥವಾ ಹೆಚ್ಚಾಗ್ತಿರೋ ಜೀವಿ ಕಡೆ, ದೋಷ ಇರೋದು ಮಾತ್ರ ಬಹಳ ಸಲ ಅಲ್ಲಿಂದ ಎರಡು ಮೂರು ಕೊಂಡಿ ಆಚೆ.

ಮೊದ್ಲು ಲಕ್ಷಣ ಸರಿಯಾಗಿ ಬರ್ಕೊಳ್ಳಿ

"ಮರ ಕಮ್ಮಿ ಆಗಿದೆ" ಅಂತ ಬರೆದ್ರೆ ಅದ್ರಿಂದ ಏನೂ ತಿಳಿಯಲ್ಲ. ದೊಡ್ಡ ಮರ ಸಾಯ್ತಿದ್ಯಾ, ಸಸಿ ಹುಟ್ತಾ ಇಲ್ವಾ, ಹುಟ್ಟಿದ ಸಸಿ ಒಂದು ವರ್ಷ ದಾಟ್ತಾ ಇಲ್ವಾ, ಹೂ ಬಿಟ್ಟು ಕಾಯಿ ಕಟ್ತಾ ಇಲ್ವಾ, ಕಾಯಿ ಕಟ್ಟಿ ಮರದ ಬುಡದಲ್ಲೇ ಬಿದ್ದು ಕೊಳೀತಿದ್ಯಾ? ಇವು ಐದೂ ಬೇರೆ ಬೇರೆ ದೋಷ. ಕಾಯಿ ಕಟ್ಟದೇ ಇದ್ರೆ ಪರಾಗಸ್ಪರ್ಶ ಮಾಡೋರನ್ನ ಹುಡುಕ್ಬೇಕು, ಬುಡದಲ್ಲೇ ಕೊಳೀತಿದ್ರೆ ಬೀಜ ಹೊತ್ತೊಯ್ಯೋರನ್ನ ಹುಡುಕ್ಬೇಕು, ಸಸಿ ವರ್ಷ ದಾಟದೇ ಇದ್ರೆ ಮೇಯೋರನ್ನ ಅಥವಾ ನೆರಳು ಮುಚ್ಚಿರೋ ಬೇರೆ ಗಿಡಾನ ನೋಡ್ಬೇಕು. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಬರ್ಕೊಂಡ್ರೆ ಅರ್ಧ ಹುಡುಕಾಟ ಅಲ್ಲೇ ಮುಗಿಯತ್ತೆ ಅನ್ನೋದು ನನ್ನ ನಂಬಿಕೆ.

ಇನ್ನೊಂದು, ಲಕ್ಷಣ ಇಲ್ಲದೇ ಇರೋ ಒಂದು ಜಾಗ ಹುಡುಕಿ, ಅದೇ ಥರದ ಮಣ್ಣು ನೀರು ಇರೋದು. ಅಲಾಸ್ಕಾದ ಅಲೂಷಿಯನ್ ದ್ವೀಪಗಳಲ್ಲಿ ಜೇಮ್ಸ್ ಎಸ್ಟಿಸ್ ಮತ್ತು ಜಾನ್ ಪಾಮಿಸಾನೊ 1974ರಲ್ಲಿ ಪ್ರಕಟಿಸಿದ ಕೆಲಸ ಇಷ್ಟೇ. ತುಪ್ಪಳಕ್ಕಾಗಿ ಬೇಟೆಯಾಡಿ ಕಡಲ ನೀರುನಾಯಿಗಳನ್ನ ಬಹುತೇಕ ಮುಗಿಸಿಬಿಟ್ಟಿದ್ರು, ಆ ಬೇಟೆ ತಡೆಯೋ 1911ರ ಒಪ್ಪಂದ ಆದ್ಮೇಲೆ ಕೆಲವು ದ್ವೀಪಗಳಿಗೆ ಅವು ವಾಪಸ್ ಬಂದಿದ್ವು, ಕೆಲವಕ್ಕೆ ಬಂದಿರ್ಲಿಲ್ಲ. ನೀರುನಾಯಿ ಇದ್ದ ಅಮ್ಚಿಟ್ಕಾ ಸುತ್ತ ಕೆಲ್ಪ್ ಅನ್ನೋ ದೊಡ್ಡ ಕಡಲ ಪಾಚಿ ಕಾಡಿನ ಹಾಗೆ ಬೆಳೆದಿತ್ತು, ಇಲ್ಲದ ಶೆಮ್ಯಾ ಸುತ್ತ ನೆಲ ತುಂಬಾ ಕೆಲ್ಪ್ ತಿನ್ನೋ ಮುಳ್ಳುಮುಳ್ಳಿನ ಸೀ ಅರ್ಚಿನ್‌ಗಳು ಮಾತ್ರ, ಕೆಲ್ಪ್ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಎರಡು ಜಾಗ ಪಕ್ಕಪಕ್ಕ ಇಟ್ಟು ನೋಡಿದ್ದಕ್ಕೆ ಕೊಂಡಿ ಕಂಡಿದ್ದು, ಶೆಮ್ಯಾ ಒಂದನ್ನೇ ಎಷ್ಟು ವರ್ಷ ನೋಡಿದ್ರೂ "ಇಲ್ಲಿ ಕೆಲ್ಪ್ ಬೆಳೆಯಲ್ಲ" ಅಂತ ಅನ್ಸ್ತಿತ್ತೇ ಹೊರತು ಬೇರೇನೂ ಕಾಣ್ತಿರ್ಲಿಲ್ಲ.

ಸಂಬಂಧದ ದೋಷ ಹೌದಾ ಅಲ್ವಾ

ಎಲ್ಲಾದಕ್ಕೂ ಆಹಾರ ಜಾಲವೇ ಕಾರಣ ಅಂತ ಶುರು ಮಾಡ್ಬೇಡಿ. ನೀರಿನ ಮಟ್ಟ, ಬಿಸಿ, ಉಪ್ಪು, ಗೊಬ್ಬರದ ರಂಜಕ, ವಿಷ, ಇವನ್ನ ಮೊದ್ಲು ನೋಡಿ ಪಕ್ಕಕ್ಕಿಡಿ. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು 1990ರ ದಶಕದಿಂದ ಶೇಕಡ 99ಕ್ಕಿಂತ ಹೆಚ್ಚು ಕುಸಿದಿದ್ದು ಬೇಟೆಗಾರರಿಂದಾನೂ ಅಲ್ಲ, ಪೈಪೋಟಿಯಿಂದಾನೂ ಅಲ್ಲ, ಜಾನುವಾರುಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ನೋವಿನ ಔಷಧಿ ಹೆಣದ ಮೂಲಕ ಹದ್ದಿನ ಹೊಟ್ಟೆ ಸೇರಿ ಕಿಡ್ನಿ ಹಾಳಾಗಿದ್ದಕ್ಕೆ. 2006ರಲ್ಲಿ ಜಾನುವಾರುಗಳಿಗೆ ಅದನ್ನ ಕೊಡೋದನ್ನ ನಿಷೇಧಿಸಿದ್ರು. ಆದ್ರೆ ಇಲ್ಲೂ ನೋಡಿ, ಹದ್ದು ಹೋದ್ಮೇಲೆ ತಿನ್ನೋರಿಲ್ಲದ ಹೆಣಗಳು ಉಳಿದು ಬೀದಿನಾಯಿಗಳು ಹೆಚ್ಚಾದ್ವು, ಅಂದ್ರೆ ದೋಷ ಶುರುವಾಗಿದ್ದು ರಾಸಾಯನಿಕದಿಂದ ಆದ್ರೂ ಹರಡಿದ್ದು ಸಂಬಂಧಗಳ ಮೂಲಕ. ನಾಯಿ ಹೆಚ್ಚಾಗಿರೋದನ್ನ ಮಾತ್ರ ನೋಡಿದವರಿಗೆ ಔಷಧಿ ನೆನಪಿಗೂ ಬರಲ್ಲ.

ಕೊಂಡಿಗಳ ಚಿತ್ರ ಬರ್ಕೊಳ್ಳೋದು

ಒಂದು ಹಾಳೆ ತಗೊಳ್ಳಿ. ಲಕ್ಷಣ ಇರೋ ಜೀವಿನ ಮಧ್ಯದಲ್ಲಿ ಬರೀರಿ. ಅದನ್ನ ಯಾರು ತಿಂತಾರೆ, ಅದು ಯಾರನ್ನ ತಿನ್ನತ್ತೆ, ಅದ್ರ ಜೊತೆ ಜಾಗಕ್ಕೋ ಊಟಕ್ಕೋ ಪೈಪೋಟಿ ಮಾಡೋರು ಯಾರು, ಅದಕ್ಕೆ ಸಹಾಯ ಮಾಡೋರು ಯಾರು, ಅದು ಬದುಕೋ ಜಾಗಾನ ರೂಪಿಸೋರು ಯಾರು (ಹುಲ್ಲು ಗಿಡ್ಡ ಮಾಡೋ ಮೊಲದ ಥರ, ತೊರೆಗೆ ಕಟ್ಟೆ ಕಟ್ಟೋ ಬೀವರ್ ಅನ್ನೋ ಪ್ರಾಣಿ ಥರ), ಅದಕ್ಕೆ ರೋಗ ತರೋರು ಯಾರು. ಆಮೇಲೆ ಆ ಪ್ರತಿಯೊಬ್ಬರಿಗೂ ಇದೇ ಪ್ರಶ್ನೆ ಇನ್ನೊಂದು ಸುತ್ತು ಕೇಳಿ. ಎರಡನೇ ಸುತ್ತನ್ನ ಜನ ಬಿಟ್ಟುಬಿಡ್ತಾರೆ, ದೋಷ ಸಿಗೋದು ಅಲ್ಲೇ.

ಇವರನ್ನೆಲ್ಲಾ ಗೆರೆ ಎಳೆದು ಜೋಡಿಸಿ, ಪ್ರತಿ ಗೆರೆಗೂ ಪ್ಲಸ್ (ಹೆಚ್ಚಿಸಿದ್ರೆ) ಅಥವಾ ಮೈನಸ್ (ಕಮ್ಮಿ ಮಾಡಿದ್ರೆ) ಹಾಕಿ. ನೀರುನಾಯಿ ಅರ್ಚಿನ್ ತಿನ್ನತ್ತೆ, ಅದಕ್ಕೆ ನೀರುನಾಯಿಯಿಂದ ಅರ್ಚಿನ್‌ಗೆ ಮೈನಸ್, ಅರ್ಚಿನ್‌ನಿಂದ ಕೆಲ್ಪ್‌ಗೆ ಮೈನಸ್, ಎರಡು ಮೈನಸ್ ಗುಣಿಸಿದ್ರೆ ಪ್ಲಸ್, ಅದಕ್ಕೇ ಒಂದು ಎಲೆನೂ ತಿನ್ನದ ನೀರುನಾಯಿ ಕೆಲ್ಪ್ ಕಾಡನ್ನ ಕಾಪಾಡತ್ತೆ. 1990ರ ದಶಕದಲ್ಲಿ ಅದೇ ಅಲೂಷಿಯನ್‌ನಲ್ಲಿ ನೀರುನಾಯಿಗಳು ಮತ್ತೆ ಕುಸಿದ್ವು, ಕೊಲೆಗಾರ ತಿಮಿಂಗಿಲಗಳು ಅವನ್ನ ತಿನ್ನೋಕೆ ಶುರು ಮಾಡಿದ್ದೇ ಕಾರಣ ಅಂತ ಎಸ್ಟಿಸ್ ಮತ್ತು ಜೊತೆಗಾರರು 1998ರಲ್ಲಿ ಬರೆದ್ರು. ಸರಪಳಿಗೆ ಮೇಲೊಂದು ಕೊಂಡಿ ಸೇರ್ತು, ಮೂರು ಮೈನಸ್, ಗುಣಿಸಿದ್ರೆ ಮೈನಸ್, ಕೆಲ್ಪ್ ಮತ್ತೆ ಕಮ್ಮಿ ಆಯ್ತು. ನೀರು ಹಸಿರಾಗಿರೋ ಕೊಳಕ್ಕೂ ಇದೇ ಲೆಕ್ಕ. ದೊಡ್ಡ ಮೀನು ಚಿಕ್ಕ ಮೀನನ್ನ ತಿನ್ನತ್ತೆ, ಚಿಕ್ಕ ಮೀನು ನೀರಿನ ಚಿಗಟ ಅನ್ನೋ ತೀರಾ ಪುಟ್ಟ ಜೀವಿಯನ್ನ ತಿನ್ನತ್ತೆ, ನೀರಿನ ಚಿಗಟ ತೇಲೋ ಪಾಚಿಯನ್ನ ತಿನ್ನತ್ತೆ. ದೊಡ್ಡ ಮೀನನ್ನೆಲ್ಲಾ ಹಿಡಿದುಹಾಕಿದ್ರೆ ನೀರು ಹಸಿರಾಗೋ ಸಾಧ್ಯತೆ ಹೆಚ್ಚು. ಹಾಗಂತ ಗೊಬ್ಬರ ಹರಿದು ಬರ್ತಿರೋ ಕೊಳದಲ್ಲಿ ಬರೀ ಮೀನು ಬದಲಾಯಿಸಿ ನೀರು ತಿಳಿಯಾಗತ್ತೆ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ.

ಲಕ್ಷಣ: ಒಂದೇ ಜೀವಿ ವಿಪರೀತ ಹೆಚ್ಚಾಗಿದೆ

ಮೊದಲ ಅನುಮಾನ ಶತ್ರು ಕಾಣೆಯಾಗಿದ್ದಾನೆ ಅನ್ನೋದು. ಶತ್ರು ಕಾಣೆಯಾಗೋದು ಎರಡು ರೀತಿ. ಒಂದು, ಜೀವಿ ಶತ್ರುವನ್ನ ಬಿಟ್ಟು ಹೊಸ ಜಾಗಕ್ಕೆ ಬಂದಿರತ್ತೆ. ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಹತ್ತಿಯಂಥ ಬಿಳಿ ಶಲ್ಕ ಕೀಟ ಅಲ್ಲಿನ ಕಿತ್ತಳೆ ನಿಂಬೆ ತೋಟಗಳನ್ನ ನೆಲಕಚ್ಚಿಸ್ತಿತ್ತು, 1888-89ರಲ್ಲಿ ಅದ್ರ ಹಳೇ ಶತ್ರು ವೆಡಾಲಿಯಾ ಅನ್ನೋ ಗುಲಗಂಜಿ ಹುಳುವನ್ನ ಆಸ್ಟ್ರೇಲಿಯಾದಿಂದಲೇ ತಂದು ಬಿಟ್ರು, ಸ್ವಲ್ಪೇ ಕಾಲದಲ್ಲಿ ಹತೋಟಿಗೆ ಬಂತು. ಎರಡನೇ ರೀತಿ, ಶತ್ರುವನ್ನ ನಾವೇ ಕೊಂದಿರ್ತೀವಿ. ಅದೇ ತೋಟಗಳಿಗೆ 1940ರ ದಶಕದಲ್ಲಿ ಡಿಡಿಟಿ ಅನ್ನೋ ಕೀಟನಾಶಕ ಹೊಡೆದಾಗ ಗುಲಗಂಜಿ ಹುಳು ಸತ್ತು ಶಲ್ಕ ಕೀಟ ಮತ್ತೆ ಎದ್ದು ಬಂತು!

ಭತ್ತದ ಕಂದು ಜಿಗಿ ಹುಳುವಿನ ಕಥೆನೂ ಹೀಗೇ. ಎಣ್ಣೆ (ಅಂದ್ರೆ ಕೀಟನಾಶಕ) ಹೊಡೆದಷ್ಟೂ ಹುಳ ಹೆಚ್ಚಾಗ್ತಿತ್ತು, ಯಾಕಂದ್ರೆ ಎಣ್ಣೆಗೆ ಸಾಯ್ತಿದ್ದದ್ದು ಗದ್ದೆಯ ಜೇಡಗಳು ಮತ್ತು ಜಿಗಿ ಹುಳದ ಮೊಟ್ಟೆ ಹೀರೋ ತಿಗಣೆಗಳು, ಜಿಗಿ ಹುಳದ ಮೊಟ್ಟೆ ಮಾತ್ರ ಭತ್ತದ ದಂಟಿನ ಒಳಗೆ ಬಚಾವಾಗಿ ಇರ್ತಿತ್ತು. ಇಂಡೋನೇಷ್ಯಾ 1986ರಲ್ಲಿ ಭತ್ತಕ್ಕೆ ಹೊಡೀತಿದ್ದ 57 ಕೀಟನಾಶಕಗಳನ್ನ ಒಂದೇ ಆದೇಶದಲ್ಲಿ ನಿಷೇಧಿಸಿತು. ಆದ್ರಿಂದ ಕೀಟ ಹೆಚ್ಚಾಗಿದೆ ಅಂದ ತಕ್ಷಣ ಕೇಳ್ಬೇಕಾದ ಪ್ರಶ್ನೆ "ಏನು ಹೊಡೀಬೇಕು" ಅಲ್ಲ, "ಇಲ್ಲಿವರೆಗೆ ಏನು ಹೊಡೆದಿದ್ದೀರಿ, ಯಾವಾಗ ಹೊಡೆದಿದ್ದೀರಿ". ಹೊಡೆದ ಕೆಲವು ವಾರಕ್ಕೆ ಹುಳ ಮೊದಲಿಗಿಂತ ಹೆಚ್ಚಾಗಿದ್ರೆ ಒಂದು ಸಣ್ಣ ತುಂಡನ್ನ ಹೊಡೀದೇ ಬಿಟ್ಟು, ಎರಡೂ ಕಡೆ ಜೇಡ ಎಣಿಸಿ.

ಇಲ್ಲಿ ಇನ್ನೊಂದು ಒಳಸುಳಿ ಇದೆ, ನಂಗೆ ಈ ಇಡೀ ವಿಷಯದಲ್ಲೇ ತುಂಬಾ ಮುಖ್ಯ ಅನ್ಸೋದು. ಶತ್ರು ಹೋದ್ರೆ ಬರೀ ಒಂದು ಜೀವಿ ಹೆಚ್ಚಾಗಿ ಸುಮ್ನಾಗಲ್ಲ, ಅದು ಉಳಿದವರ ಜಾಗ ತಿಂದುಹಾಕತ್ತೆ. ರಾಬರ್ಟ್ ಪೇಯ್ನ್ 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲ ತೀರದಲ್ಲಿ 8 ಮೀಟರ್ ಉದ್ದ 2 ಮೀಟರ್ ಅಗಲದ ಬಂಡೆ ಪಟ್ಟಿಯಿಂದ ನೇರಳೆ-ಕಿತ್ತಳೆ ಬಣ್ಣದ ಪಿಸಾಸ್ಟರ್ ನಕ್ಷತ್ರ ಮೀನುಗಳನ್ನ ಕಿತ್ತು ಕಿತ್ತು ಎಸೆಯೋಕೆ ಶುರು ಮಾಡಿದ್ರು, ಪಕ್ಕದ ಪಟ್ಟಿಯನ್ನ ಹಾಗೇ ಬಿಟ್ರು. ತಿನ್ನೋರು ಹೋದ್ರೆ ಎಲ್ಲಾ ಜೀವಿಗಳೂ ಹೆಚ್ಚಾಗ್ಬೇಕು ಅಂತ ತಾನೆ ನಾವು ಅಂದ್ಕೊಳ್ಳೋದು? ಆಗಿದ್ದು ತಿರುಗುಮುರುಗು. ಮಸೆಲ್ ಅನ್ನೋ ಚಿಪ್ಪಿನ ಜೀವಿ ಬಂಡೆ ತುಂಬಾ ಹರಡ್ತಾ ಬಂತು, ಅಂಟಿಕೊಂಡು ಬದುಕ್ತಿದ್ದ ಬೇರೆ ಜೀವಿಗಳಿಗೆ ಕಾಲಿಡೋಕೆ ಜಾಗ ಇಲ್ಲದೆ 15 ಪ್ರಭೇದ ಇದ್ದದ್ದು 8ಕ್ಕೆ ಇಳೀತು. ಕೀಸ್ಟೋನ್ ಪ್ರಭೇದ ಅನ್ನೋ ಹೆಸರನ್ನ ಪೇಯ್ನ್ 1969ರಲ್ಲಿ ಕೊಟ್ಟದ್ದು ಪಿಸಾಸ್ಟರ್ ಥರ ಇಡೀ ಸಮುದಾಯವನ್ನ ಹಿಡಿದಿಡೋ ಜೀವಿಗಳಿಗೇ. ಅಂದ್ರೆ ನಿಮ್ಮ ಲಕ್ಷಣ "ಹತ್ತು ಪ್ರಭೇದ ಕಮ್ಮಿ ಆಗಿವೆ" ಅಂತಿದ್ರೆ ಆ ಹತ್ತರ ಹಿಂದೆ ಓಡ್ಬೇಡಿ, ಅವುಗಳ ಜಾಗದಲ್ಲಿ ಈಗ ಕೂತಿರೋ ಹನ್ನೊಂದನೇದು ಯಾವ್ದು, ಅದನ್ನ ಮೊದ್ಲು ಯಾರು ಹಿಡಿದಿಟ್ಟಿದ್ರು ಅಂತ ನೋಡಿ.

ಒಂದು ಎಚ್ಚರಿಕೆ. ಅದೇ ಪಿಸಾಸ್ಟರ್ ಅಲೆ ಜೋರಾಗಿ ಹೊಡೆಯೋ ಬಂಡೆಯಲ್ಲಿ ಕೀಸ್ಟೋನ್ ಆಗಿದ್ರೂ ಅಲೆ ಕಮ್ಮಿ ಇರೋ ಮರೆ ಜಾಗದಲ್ಲಿ ಅದ್ರ ಪ್ರಭಾವ ಅಷ್ಟಿಲ್ಲ ಅಂತ ಬ್ರೂಸ್ ಮೆಂಗೆ ಮತ್ತು ತಂಡ ಆರೆಗಾನ್ ತೀರದಲ್ಲಿ ತೋರಿಸಿದ್ರು. ಒಂದು ಜಾಗದ ಚಿತ್ರವನ್ನ ಇನ್ನೊಂದು ಜಾಗಕ್ಕೆ ಹಾಗೇ ಅಂಟಿಸ್ಬೇಡಿ.

ಲಕ್ಷಣ: ತಿನ್ನೋರು ಯಾರೂ ಕಾಣಲ್ಲ, ಆದ್ರೂ ಸೊರಗ್ತಿದೆ

ಪೈಪೋಟಿ ಇರ್ಬಹುದು. ಜೋಸೆಫ್ ಕಾನೆಲ್ ಸ್ಕಾಟ್ಲೆಂಡ್ ತೀರದಲ್ಲಿ ಬಂಡೆಗೆ ಅಂಟ್ಕೊಂಡು ಬದುಕೋ ಬಾರ್ನಕಲ್ ಅನ್ನೋ ಚಿಪ್ಪಿನ ಜೀವಿಯ ಎರಡು ಪ್ರಭೇದಗಳ ಮೇಲೆ ಮಾಡಿದ ಕೆಲಸ (1961) ನೋಡಿ. ಒಂದು ಬಂಡೆಯ ಮೇಲುಗಡೆ ಮಾತ್ರ ಇತ್ತು, ಇನ್ನೊಂದು ಕೆಳಗಡೆ. ಮೇಲಿನದಕ್ಕೆ ಕೆಳಗಿನ ಪರಿಸರ ಒಗ್ಗಲ್ಲ ಅಂತ ಯಾರಾದ್ರೂ ಅಂದ್ಕೊಳ್ತಾರೆ. ಕಾನೆಲ್ ಕೆಳಗಿನದನ್ನ ಕೆರೆದು ತೆಗೆದ್ರು, ಮೇಲಿನದು ಕೆಳಗೂ ಆರಾಮಾಗಿ ಬದುಕ್ತು. ಅಂದ್ರೆ ಜಾಗ ಒಗ್ಗದೇ ಇದ್ದದ್ದಲ್ಲ, ಪಕ್ಕದವನು ಒತ್ತಿ, ಮುಚ್ಚಿ, ಬುಡದಿಂದ ಎಬ್ಬಿಸಿ ಹಾಕ್ತಿದ್ದ. ಆದ್ರೆ ಮೇಲಿನ ಗಡಿಯಲ್ಲಿ ಬಿಸಿಲಿಗೆ ಒಣಗೋದೇ ಕಾರಣ. ಒಂದೇ ಬಂಡೆಯ ಎರಡು ಗಡಿಗೆ ಎರಡು ಬೇರೆ ಕಾರಣ, ಎರಡನ್ನೂ ಬೇರೆ ಬೇರೆಯಾಗೇ ಪರೀಕ್ಷಿಸ್ಬೇಕು.

ಇಲ್ಲಾಂದ್ರೆ ಸಹಾಯ ಮಾಡೋರು ಹೋಗಿರ್ಬಹುದು, ಇದು ಕಣ್ಣಿಗೆ ಬೀಳೋದು ಬಹಳ ತಡ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೇ ಮಹಾಯುದ್ಧದ ಹೊತ್ತಿಗೆ ಸಾಮಾನಿನ ಜೊತೆ ಬಂದ ಕಂದು ಮರಹಾವು ಅಲ್ಲಿನ ಕಾಡುಹಕ್ಕಿಗಳನ್ನ ಬಹುತೇಕ ಮುಗಿಸಿಬಿಡ್ತು. ಮರಗಳು ಇವತ್ತಿಗೂ ನಿಂತಿವೆ, ಹಣ್ಣೂ ಬಿಡತ್ತೆ, ಆದ್ರೆ ಹಣ್ಣು ನುಂಗಿ ದೂರ ಹೋಗಿ ಬೀಜ ಬೀಳಿಸೋ ಹಕ್ಕಿ ಇಲ್ಲ, ಬೀಜ ಬುಡದಲ್ಲೇ ಉಳಿಯತ್ತೆ, ಹೊಸ ಸಸಿ ಎಷ್ಟೋ ಕಮ್ಮಿ. ಜೊತೆಗೆ ಹಕ್ಕಿ ತಿನ್ನದ ಜೇಡಗಳು ಹೆಚ್ಚಾಗಿ ಕಾಡು ತುಂಬಾ ಬಲೆ. ನೂರು ವರ್ಷ ಬದುಕೋ ಮರ ತನ್ನ ಸಹಾಯಕ ಹೋದ ಮೇಲೂ ನೂರು ವರ್ಷ ಸರಿಯಾಗೇ ಕಾಣ್ಬಹುದು, ಅದಕ್ಕೇ ಕಾಡಲ್ಲಿ ಮೇಲೆ ನೋಡೋಕಿಂತ ನೆಲ ನೋಡಿ, ಎಲ್ಲಾ ವಯಸ್ಸಿನ ಗಿಡ ಇದ್ಯಾ ಅಂತ.

ಕೆಲವು ಸಲ ಶತ್ರುವೇ ಸಹಾಯಕ. ಕೀನ್ಯಾದಲ್ಲಿ ಒಂದು ಜಾತಿ ಜಾಲಿ ಮರ ತನ್ನ ಉಬ್ಬಿದ ಟೊಳ್ಳು ಮುಳ್ಳುಗಳಲ್ಲಿ ಇರುವೆಗಳಿಗೆ ಮನೆ ಕೊಟ್ಟು ಎಲೆ ಬುಡದಿಂದ ಸಿಹಿ ರಸ ಕೊಡತ್ತೆ, ಬದಲಿಗೆ ಇರುವೆಗಳು ಮೇಯೋಕೆ ಬಂದವರನ್ನ ಕಚ್ಚಿ ಓಡಿಸ್ತವೆ. ಅಲ್ಲಿ ಬೇಲಿ ಹಾಕಿ ಆನೆ ಜಿರಾಫೆ ಎಲ್ಲಾ ಹೊರಗಿಟ್ಟ ಜಾಗದಲ್ಲಿ ಹತ್ತು ವರ್ಷ ಆದ್ಮೇಲೆ ಏನಾಗಿದೆ ಅಂತ ಟಾಡ್ ಪಾಮರ್ ತಂಡ 2008ರಲ್ಲಿ ಪ್ರಕಟಿಸಿತು. ಮೇಯೋರಿಲ್ಲ ಅಂತ ಮರ ಇರುವೆಗೆ ಕೊಡೋ ಮನೆ, ರಸ ಎರಡನ್ನೂ ಕಮ್ಮಿ ಮಾಡ್ತು, ಕಾವಲಿನ ಇರುವೆ ದುರ್ಬಲ ಆಯ್ತು, ಆ ಜಾಗಕ್ಕೆ ಕಾವಲು ಕಾಯದ ಬೇರೆ ಇರುವೆ ಬಂತು, ಅದು ವಾಸ ಮಾಡೋದು ಕಾಂಡ ಕೊರೆಯೋ ದುಂಬಿಯ ತೂತಲ್ಲಿ ಆದ್ದರಿಂದ ದುಂಬಿನೂ ಹೆಚ್ಚಾಯ್ತು, ಕೊನೆಗೆ ಯಾರೂ ಮೇಯದ ಮರ ನಿಧಾನವಾಗಿ ಬೆಳೀತು, ಹೆಚ್ಚು ಸತ್ತಿತು. ಬೇಲಿ ಹಾಕೋಕೆ ಮುಂಚೆ ಈ ಕಥೆ ಒಂದು ಸಲ ನೆನಪು ಮಾಡ್ಕೊಳ್ಳಿ ಅಂತ ನಾನು ಕೈಮುಗಿದು ಕೇಳ್ಕೊಳ್ತೀನಿ.

ರಿಪೇರಿ ಮಾಡಿದ್ಮೇಲೆ ಇನ್ನೂ ಕೆಟ್ಟಿತು

ಹಾಳೆಯಲ್ಲಿ ಒಂದು ಗೆರೆ ಬರೆಯೋದು ಬಿಟ್ಟುಹೋಗಿದೆ ಅಂತ ಅರ್ಥ. ಆಸ್ಟ್ರೇಲಿಯಾಕ್ಕೆ ಸೇರಿದ ಮ್ಯಾಕ್ವಾರಿ ದ್ವೀಪದಲ್ಲಿ ಕಡಲಹಕ್ಕಿಗಳನ್ನ ತಿಂತಿದ್ದ ಬೆಕ್ಕುಗಳನ್ನ 2000ದ ಹೊತ್ತಿಗೆ ಪೂರ್ತಿ ತೆಗೆದ್ರು, ಹಕ್ಕಿಗೆ ಒಳ್ಳೇದೇ. ಆದ್ರೆ ಬೆಕ್ಕು ಮೊಲವನ್ನೂ ತಿಂತಿತ್ತು, ಮೊಲ ಕಮ್ಮಿ ಮಾಡೋಕೆ ಬಿಟ್ಟಿದ್ದ ವೈರಸ್ಸಿನ ಹಿಡಿತಾನೂ ಸಡಿಲ ಆಗ್ತಾ ಇತ್ತು, ಮೊಲ ಏರಿ ಇಳಿಜಾರುಗಳ ಹಸಿರನ್ನ ಬೋಳು ಮಾಡಿಬಿಡ್ತು. ಆಮೇಲೆ ಮೊಲ, ಇಲಿ, ಹೆಗ್ಗಣ ಎಲ್ಲವನ್ನೂ ಒಟ್ಟಿಗೆ ತೆಗೆಯೋ ದೊಡ್ಡ ಕೆಲಸ ಆಗಿ 2014ರಲ್ಲಿ ಮುಗೀತು ಅಂತ ಘೋಷಿಸಿದ್ರು. ಎರಡು ಹೊರಗಿನ ಪ್ರಾಣಿ ಒಂದನ್ನೊಂದು ಹಿಡಿದಿಟ್ಟಿದ್ರೆ ಯಾವುದನ್ನ ಮೊದ್ಲು ತೆಗೀಬೇಕು ಅನ್ನೋದೇ ಅರ್ಧ ಚಿಕಿತ್ಸೆ.

ಹೋದ ಜೀವಿ ವಾಪಸ್ ಬಂತು, ಜಾಗ ವಾಪಸ್ ಬರ್ಲಿಲ್ಲ

ಅಮೆರಿಕದ ಎಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದಲ್ಲಿ ಮುಗಿಸಿದ್ದ ತೋಳಗಳನ್ನ 1995-96ರಲ್ಲಿ ತಂದು ಬಿಟ್ರು. ತೋಳ ಎಲ್ಕ್ ಜಿಂಕೆಯನ್ನ ತಿನ್ನತ್ತೆ, ಎಲ್ಕ್ ವಿಲೋ ಮೇಯತ್ತೆ, ಹಾಗಾಗಿ ಎಲ್ಕ್ ಕಮ್ಮಿ ಆದ್ರೆ ಹೊಳೆದಂಡೆಯ ವಿಲೋ ಗಿಡ ಚಿಗುರ್ಬೇಕು, ಕೆಲವು ಕಡೆ ಚಿಗುರಿತು ಕೂಡ. ಆದ್ರೆ ಉತ್ತರ ಭಾಗದ ಸಣ್ಣ ತೊರೆಗಳ ಹತ್ರ ಇಪ್ಪತ್ತು ವರ್ಷ ಪ್ರಯೋಗ ಮಾಡಿ ನೋಡಿದ್ರೂ ಅಂದುಕೊಂಡ ಹಾಗೆ ಆಗ್ಲಿಲ್ಲ, ಯಾಕಂದ್ರೆ ತೋಳ ಇಲ್ಲದ ಕಾಲದಲ್ಲಿ ವಿಲೋ ಹೋಗಿ, ವಿಲೋ ತಿಂದು ಅದ್ರಿಂದಲೇ ಕಟ್ಟೆ ಕಟ್ತಿದ್ದ ಬೀವರ್ ಹೋಗಿ, ಕಟ್ಟೆ ಇಲ್ಲದ ತೊರೆ ನೆಲ ಕೊರ್ಕೊಂಡು ಕೆಳಗಿಳಿದು, ಅಂತರ್ಜಲ ವಿಲೋ ಬೇರಿಗೆ ಸಿಗದಷ್ಟು ಆಳಕ್ಕೆ ಹೋಗಿತ್ತು. ಈಗ ವಿಲೋ ಎತ್ತರ ಬೆಳೀಬೇಕಂದ್ರೆ ಬೀವರ್ ಬೇಕು, ಬೀವರ್ ಬರ್ಬೇಕಂದ್ರೆ ಎತ್ತರದ ವಿಲೋ ಬೇಕು. ಇಂಥ ಕಡೆ ಹಾದಿ ಹಿಂದಿನ ಹಾದಿಯೇ ಅಲ್ಲ, ನೀರಿನ ಮಟ್ಟವನ್ನೇ ಮೊದ್ಲು ಎತ್ತಬೇಕಾಗತ್ತೆ.

ಕೆರಿಬಿಯನ್ ಹವಳದ ದಿಬ್ಬಗಳಲ್ಲಿ ಆಗಿದ್ದು ಬೇರೆ ಥರದ ದೋಷ, ಬ್ಯಾಕಪ್ ಖಾಲಿ ಆಗಿದ್ದು ಯಾರಿಗೂ ಗೊತ್ತಾಗದೇ ಇದ್ದದ್ದು. ಪಾಚಿ ಮೇಯ್ತಿದ್ದ ಗಿಳಿಮೀನು ಥರದ ಮೀನುಗಳನ್ನ ಜಮೈಕಾದಲ್ಲಿ ಬಹಳ ಹಿಂದೇನೇ ಹಿಡಿದು ಬರಿದು ಮಾಡಿದ್ರು, ಆದ್ರೂ ದಿಬ್ಬ ಚೆನ್ನಾಗೇ ಕಾಣ್ತಿತ್ತು, ಯಾಕಂದ್ರೆ ಡಯಾಡೆಮಾ ಅನ್ನೋ ಉದ್ದ ಮುಳ್ಳಿನ ಅರ್ಚಿನ್ ಒಂದೇ ಎಲ್ಲಾ ಪಾಚಿನೂ ಮೇಯ್ತಿತ್ತು. 1983-84ರಲ್ಲಿ ರೋಗ ಬಂದು ಅವು ಶೇಕಡ 90ಕ್ಕಿಂತ ಹೆಚ್ಚು ಸತ್ವು. ಹವಳ ಅರ್ಧಕ್ಕಿಂತ ಹೆಚ್ಚು ನೆಲ ಮುಚ್ಚಿದ್ದ ಕಡೆ 1990ರ ದಶಕದ ಹೊತ್ತಿಗೆ ಶೇಕಡ 5ಕ್ಕಿಂತ ಕಮ್ಮಿ ಉಳೀತು, ಮಿಕ್ಕಿದ್ದೆಲ್ಲಾ ಪಾಚಿ (ಚಂಡಮಾರುತದ ಏಟೂ ಇದ್ರಲ್ಲಿ ಸೇರಿದೆ). ಹಾಗಾಗಿ ಎಲ್ಲಾ ಸರಿ ಇರೋ ಜಾಗದಲ್ಲೂ ಹಾಳೆ ತೆಗೆದು, ಪ್ರತಿ ಕೆಲಸಕ್ಕೂ ಎಷ್ಟು ಜನ ಇದ್ದಾರೆ ಅಂತ ಎಣಿಸಿ ಇಡಿ. ಮೇಯೋರು ಎಷ್ಟು ಪ್ರಭೇದ, ಬೀಜ ಹೊರೋರು ಎಷ್ಟು ಪ್ರಭೇದ. ಒಂದೇ ಉಳಿದಿದ್ರೆ ಅದ್ರ ಸುತ್ತ ಕೆಂಪು ಗುಂಡು ಹಾಕಿ.

ಅನುಮಾನವನ್ನ ಪರೀಕ್ಷೆಗೆ ಹಚ್ಚೋದು

ಚಿತ್ರ ಎಷ್ಟೇ ಚೆನ್ನಾಗಿದ್ರೂ ಅದು ಊಹೆ. ಪಂಜರ ಹಾಕಿ. ಮೇಯೋರ ಮೇಲೆ ಅನುಮಾನ ಇದ್ರೆ ಒಂದು ತುಂಡಿಗೆ ಬಲೆ ಮುಚ್ಚಿ, ಒಂದನ್ನ ತೆರೆದಿಡಿ, ಮೂರನೇದಕ್ಕೆ ಬಲೆ ಹಾಕಿ ಪಕ್ಕ ತೆರೆದುಬಿಡಿ, ಯಾಕಂದ್ರೆ ಬಲೆಯೇ ನೆರಳು ಕೊಡತ್ತೆ, ಗಾಳಿ ನೀರಿನ ಓಟ ತಗ್ಗಿಸತ್ತೆ, ಆ ಪರಿಣಾಮವನ್ನ ಮೇಯೋರು ಇಲ್ಲದ ಪರಿಣಾಮ ಅಂತ ತಪ್ಪು ತಿಳ್ಕೋಬಾರ್ದು. ಒಂದೊಂದೇ ಮಾಡಿದ್ರೆ ಸಾಕಾಗಲ್ಲ, ಪ್ರತಿ ಥರಕ್ಕೂ ನಾಲ್ಕೈದು ತುಂಡಾದ್ರೂ ಬೇಕು. ಪರಾಗದ ಅನುಮಾನ ಇದ್ರೆ ಕೆಲವು ಹೂವಿಗೆ ಕುಂಚದಲ್ಲಿ ಕೈಯಾರೆ ಪರಾಗ ಮುಟ್ಟಿಸಿ, ಅವು ಮಾತ್ರ ಕಾಯಿ ಕಟ್ಟಿದ್ರೆ ಉತ್ತರ ಸಿಕ್ತು. ಬೀಜದ ಅನುಮಾನ ಇದ್ರೆ ಕೆಲವು ಬೀಜ ನೀವೇ ದೂರ ಒಯ್ದು ಹಾಕಿ, ಬುಡದಲ್ಲಿ ಬಿದ್ದವುಗಳ ಜೊತೆ ಹೋಲಿಸಿ.

ಪತ್ತೆ ಸರಿಯಾಗಿದೆ ಅಂತ ನಾನು ಒಪ್ಪೋದು ಕೊಂಡಿ ಜೋಡಿಸಿದಾಗ ಲಕ್ಷಣ ಹೋದ್ರೆ ಮಾತ್ರ. ಲಾರ್ಜ್ ಬ್ಲೂ ವಿಷಯದಲ್ಲಿ ಹಾಗೇ ಮಾಡಿದ್ರು. ಮೊದ್ಲು ದನ ಮೇಯಿಸಿ ಹುಲ್ಲು ಇಳಿಸಿದ್ರು, ಇರುವೆ ವಾಪಸ್ ಬರೋತನಕ ಕಾದ್ರು, ಆಮೇಲೆ 1983ರಿಂದ ಸ್ವೀಡನ್ನಿನಿಂದ ತಂದ ಚಿಟ್ಟೆ ಸಂತತಿಯನ್ನ ಬಿಟ್ರು. ಅದು ನೆಲೆ ನಿಂತು ಈಗ್ಲೂ ಅಲ್ಲಿ ಹಾರಾಡ್ತಿದೆ. ಪರೀಕ್ಷೆ ಎಷ್ಟು ಕಾಲ ನಡೀಬೇಕು ಅನ್ನೋದಕ್ಕೆ ಒಂದು ಅಂದಾಜು ಏನಂದ್ರೆ, ಸರಪಳಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬದುಕೋ ಜೀವಿಯ ಕಡೇಪಕ್ಷ ಒಂದು ತಲೆಮಾರು. ನೀರಿನ ಚಿಗಟ ಇದ್ರೆ ವಾರಗಳು, ಹುಲ್ಲು ಇರುವೆ ಇದ್ರೆ ಕೆಲವು ವರ್ಷ, ಮರ ಇದ್ರೆ ನೀವು ಬರೆದಿಟ್ಟ ಹಾಳೆಯನ್ನ ಮುಂದೆ ನೋಡ್ಕೊಳ್ಳೋರ ಕೈಗೆ ಕೊಡ್ಬೇಕಾಗತ್ತೆ, ಅದಕ್ಕೇ ಯಾವ ತುಂಡಿಗೆ ಯಾವ ತಾರೀಕು ಏನು ಮಾಡಿದ್ವಿ ಅಂತ ಬೇರೆಯವರಿಗೂ ತಿಳಿಯೋ ಹಾಗೆ ಬರೀರಿ, ತುಂಡಿನ ಮೂಲೆಗಳಿಗೆ ಕೊಳೆಯದ ಗೂಟ ಹೊಡೀರಿ.